ಅಮೆರಿಕದಿಂದ ಬಂದ ಸೆಕೆಂಡ್‌ಹ್ಯಾಂಡ್ ಟ್ಯೂಬ್ ಆಂಪ್: ಗುಂಯ್ ಸದ್ದು, ಕೈಕೊಡುವ ರಿವರ್ಬ್. ತಗೊಳ್ಳಲಾ, ಬಿಡಲಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಇಷ್ಟು ದಿನ ಒಂದು ಚಿಕ್ಕ ಟ್ರಾನ್ಸಿಸ್ಟರ್ ಆಂಪ್‌ನಲ್ಲೇ ಕಳೆದೆ. ಈಗ ಜಯನಗರದಲ್ಲಿ ಒಬ್ಬರು ಟ್ಯೂಬ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಹಳೆ ರೇಡಿಯೋದ ಹಾಗೆ ಗಾಜಿನ ವಾಲ್ವ್‌ಗಳಿಂದ ಓಡುವ ಆಂಪ್ಲಿಫೈಯರ್, ಮಾರುತ್ತಿದ್ದಾರೆ. ನ್ಯೂಜೆರ್ಸಿಯಲ್ಲಿ ತುಂಬಾ ವರ್ಷ ಇದ್ದು, ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತಂದದ್ದಂತೆ. 40 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ಎರಡು ದೊಡ್ಡ 6ಎಲ್6 ಪವರ್ ಟ್ಯೂಬ್, ಮೂರು ಚಿಕ್ಕ 12ಎಎಕ್ಸ್7 ಟ್ಯೂಬ್, ಎರಡು ಚಾನೆಲ್, ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗಿನಿಂದ ಬರುವ ಮಾರ್ದನಿ). ಮಾಡೆಲ್ ಹೆಸರು ಹಾಕುತ್ತಿಲ್ಲ, ಮಾತುಕತೆ ಇನ್ನೂ ಮುಗಿದಿಲ್ಲ. ಕೇಳುತ್ತಿರುವುದು 52,000.

ಶನಿವಾರ ಹೋಗಿ ನುಡಿಸಿದೆ. ಕ್ಲೀನ್ ಚಾನೆಲ್ ಕೇಳಿ ಮಾತೇ ಹೊರಡಲಿಲ್ಲ. ಮೆಲ್ಲಗೆ ಮೀಟಿದರೆ ಗಾಜಿನ ಹಾಗೆ ತಿಳಿಯಾದ ದನಿ, ಸ್ವಲ್ಪ ಒತ್ತಿ ಮೀಟಿದರೆ ಅದೇ ದನಿಯ ಅಂಚು ಒಡೆಯುತ್ತೆ, ನಾಬ್ ಮುಟ್ಟುವುದೇ ಬೇಡ, ಎಲ್ಲ ಬೆರಳಲ್ಲೇ ಇದೆ.

ಆದರೆ ತೊಂದರೆಗಳೂ ಕಂಡವು. ಸುಮ್ನೆ ಇಟ್ಟರೂ ಗುಂಯ್ ಅನ್ನುತ್ತೆ, ತಂತಿ ಮುಟ್ಟಿದರೆ ಕಡಿಮೆ ಆಗುತ್ತೆ. ಇಪ್ಪತ್ತು ನಿಮಿಷ ಆದ ಮೇಲೆ ರಿವರ್ಬ್ ಮಾಯ. ಮೇಲೆ ಒಂದು ತಟ್ಟು ತಟ್ಟಿದರೆ ಮತ್ತೆ ಬರುತ್ತೆ. ಒಂದೆರಡು ಸಲ ಚಾನೆಲ್ ಕೂಡ ತಾನಾಗೇ ಟಿಕ್ ಅಂತ ಬದಲಾಯಿತು. ಒಂದು ದೊಡ್ಡ ಟ್ಯೂಬಿನಲ್ಲಿ ನೀಲಿ ಬೆಳಕು ಬೇರೆ. ಹಿಂದೆ 120 ವೋಲ್ಟ್ ಅಂತ ಬರೆದಿದೆ, ಅವರು ಮನೆಯ 230 ವೋಲ್ಟ್ ಇಳಿಸಲು ಎಸ್.ಪಿ. ರೋಡಿನಲ್ಲಿ ಕೊಂಡ ಸ್ಟೆಪ್‌ಡೌನ್ ಬಾಕ್ಸ್‌ನಲ್ಲಿ ಓಡಿಸುತ್ತಾರೆ. "ಟ್ಯೂಬ್ ಹಳೆಯದಾಗಿದೆ, ಬದಲಾಯಿಸಿದರೆ ಎಲ್ಲ ಸರಿಹೋಗುತ್ತೆ" ಅಂದರು. ನಿಜಾನಾ?

ಉತ್ತರ 1

ಮೊದಲು ಒಂದು ಮಾತು. ಅಡ್ವಾನ್ಸ್ ಕೊಡಬೇಡಿ, ಬಿಟ್ಟೂ ಬಿಡಬೇಡಿ. ಇನ್ನೊಂದು ಸಲ ಹೋಗಿ ಬನ್ನಿ.

ಟ್ಯೂಬು ಗಾಡಿಯ ಟೈರ್ ಇದ್ದ ಹಾಗೆ. ಸವೆಯುತ್ತೆ, ಬದಲಾಯಿಸುತ್ತೀರಿ. ಟೈರ್ ಸವೆದಿದೆ ಅಂತ ಯಾರೂ ಒಳ್ಳೆ ಗಾಡಿ ಬಿಡುವುದಿಲ್ಲ, ಹೊಸ ಟೈರ್ ಇದೆ ಅಂತ ಎಂಜಿನ್ ಹೋದ ಗಾಡಿ ತಗೊಳ್ಳುವುದೂ ಇಲ್ಲ. ಆಂಪ್‌ನಲ್ಲಿ ಎಂಜಿನ್ ಅಂದರೆ ಎರಡು ಟ್ರಾನ್ಸ್‌ಫಾರ್ಮರ್: ಪವರ್ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಆಂಪ್ ತಗೊಂಡಾಗ ಹೊಸ ಟ್ಯೂಬುಗಳ ಹೊಳಪು ನೋಡಿ ಖುಷಿಪಟ್ಟೆ. ಹಿಂದಿನವರು ಸ್ಪೀಕರ್ ವೈರ್ ಸಿಕ್ಕಿಸದೆ ಓಡಿಸಿದ್ದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅರ್ಧ ಸುಟ್ಟಿತ್ತು. ಮೂರನೇ ವಾರಕ್ಕೆ ದನಿ ಕಂಬಳಿ ಹೊದ್ದ ಹಾಗಾಯಿತು. ರೀವೈಂಡ್ ಮಾಡಿಸಲು ಕೊಟ್ಟದ್ದು ಆಂಪ್‌ನ ಬೆಲೆಯ ಮೂರನೇ ಒಂದು ಭಾಗ.

ನೀಲಿ ಬೆಳಕಿಗೆ ಹೆದರಬೇಡಿ. ಗಾಜಿನ ಒಳಮೈಗೆ ಅಂಟಿದ ಹಾಗೆ ಕಾಣುವ ಕಡುನೀಲಿ, ನುಡಿಸುವಾಗ ದನಿಯ ಜೊತೆ ಕುಣಿಯುವ ನೀಲಿ, ಒಳ್ಳೆ ಟ್ಯೂಬಿನಲ್ಲೂ ಇರುತ್ತೆ. ಹೆದರಬೇಕಾದ್ದು ಬೇರೆ. ಒಳಗಿನ ಲೋಹದ ತಗಡುಗಳ ನಡುವೆ ನೇರಳೆ ಹೊಗೆ ತುಂಬಿದ ಹಾಗೆ ಕಂಡರೆ ಒಳಗೆ ಗ್ಯಾಸ್ ಸೇರಿದೆ ಅಂತ. ಬೂದು ಬಣ್ಣದ ತಗಡೇ ಕೆಂಪಗೆ ಕಾದರೆ ಆ ಕ್ಷಣ ಆಫ್ ಮಾಡಿ. ಟ್ಯೂಬಿನ ತುದಿಯ ಬೆಳ್ಳಿ ಬಣ್ಣ ಹೋಗಿ ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಆ ಟ್ಯೂಬ್ ಮುಗಿಯಿತು.

ಗುಂಯ್ ಸದ್ದು ಎಲ್ಲಿಂದ ಅಂತ ಕಿವಿಯಲ್ಲೇ ಹಿಡಿಯಬಹುದು. ಆರನೇ ತಂತಿಯ ಮೂರನೇ ಫ್ರೆಟ್ ಮೀಟಿ. ಅದು ಜಿ ಸ್ವರ, 98 ಹರ್ಟ್ಜ್. ನಮ್ಮ ಕರೆಂಟು 50 ಹರ್ಟ್ಜ್, ಅದನ್ನು ಡಿಸಿ ಮಾಡುವಾಗ ಉಳಿಯುವ ಅಲೆ 100 ಹರ್ಟ್ಜ್. ಆಂಪ್‌ನ ಸದ್ದು ಆ ಮೂರನೇ ಫ್ರೆಟ್ಟಿನ ಸ್ವರಕ್ಕೆ ಹೆಚ್ಚುಕಡಿಮೆ ಸೇರಿದರೆ ಆ ಅಲೆಯನ್ನು ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್ ಹಳೆಯದಾಗಿದೆ, ಇಲ್ಲವೇ ಎರಡು ಪವರ್ ಟ್ಯೂಬು ಒಂದಕ್ಕೊಂದು ಹೊಂದುತ್ತಿಲ್ಲ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿದರೆ ಅದು 50, ಅಲ್ಲಿ ಅರ್ತ್ ಮೇಲೆ ಅನುಮಾನ ಪಡಿ. ವಾಲ್ಯೂಮ್ ಸೊನ್ನೆಗೆ ತಂದು ಒಂದು ಸಲ, ಐದಕ್ಕೆ ಇಟ್ಟು ಒಂದು ಸಲ ಕೇಳಿ. ಸೊನ್ನೆಯಲ್ಲೂ ಇದ್ದರೆ ಪವರ್ ವಿಭಾಗದ್ದು, ವಾಲ್ಯೂಮ್ ಜೊತೆ ಏರಿದರೆ ಅದಕ್ಕೂ ಮುಂಚಿನದು.

ಮುಖ್ಯವಾಗಿ ಆ ಸ್ಟೆಪ್‌ಡೌನ್ ಬಾಕ್ಸ್ ನೋಡಿ. ಭಾರವಾಗಿದೆಯಾ? ಮೇಲೆ ಎಷ್ಟು ವಿಎ (ಎಷ್ಟು ಹೊರೆ ತಡೆಯುತ್ತೆ ಅನ್ನುವ ಅಂಕಿ) ಅಂತ ಬರೆದಿದೆ? ಆಂಪ್‌ನ ಪ್ಲಗ್ಗಿಗೆ ಮೂರು ಪಿನ್, ಬಾಕ್ಸ್‌ನ ಸಾಕೆಟ್ಟಿಗೆ ಎಷ್ಟು ತೂತು? ಫೋಟೋ ಬೇಡ, ಬರೆದು ಹೇಳಿ ಸಾಕು. ಆಂಪ್ ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ 400 ವೋಲ್ಟಿನ ಆಸುಪಾಸು ಉಳಿದಿರಬಹುದು. ಜೀವ ಹೋಗುವಷ್ಟು.

ಕೇಳಿದವರು

ನಿನ್ನೆ ಸಂಜೆ ಹೋಗಿದ್ದೆ. ಮಾರುವವರು ಒಳ್ಳೆಯವರು, ಒಂದೂವರೆ ಗಂಟೆ ನುಡಿಸಲು ಬಿಟ್ಟರು.

ನೀಲಿ ನೀವು ಹೇಳಿದ ಹಾಗೇ ಗಾಜಿನ ಮೇಲಿದೆ, ನುಡಿಸಿದಾಗ ಮಿನುಗುತ್ತೆ. ಎರಡೂ ಟ್ಯೂಬಿನ ಬೆಳ್ಳಿ ಚೆನ್ನಾಗಿದೆ. ಮೂರನೇ ಫ್ರೆಟ್ ಪರೀಕ್ಷೆ ಮಾಡಿದೆ. ವಾಲ್ಯೂಮ್ ಸೊನ್ನೆಯಲ್ಲಿ ಸಣ್ಣಗೆ ಒಂದು ಸದ್ದು, ಅದು ಜಿ ಹತ್ತಿರವೇ ಇದೆ. ವಾಲ್ಯೂಮ್ ಏರಿಸಿದರೆ ಅದರ ಕೆಳಗೆ ಇನ್ನೊಂದು, ದಪ್ಪ ಸದ್ದು ಬರುತ್ತೆ. ಅಂದರೆ ಎರಡೂ ಇವೆ!

ಬಾಕ್ಸ್ ಭಾರ ಇದೆ, 300 ವಿಎ. ಆಂಪ್ ಹಿಂದೆ 180 ವ್ಯಾಟ್ ಅಂತ ಇದೆ. ಬಾಕ್ಸ್‌ನ ಸಾಕೆಟ್ಟಿನಲ್ಲಿ ಬರೀ ಎರಡು ಚಪ್ಪಟೆ ಸೀಳು. ಆಂಪ್‌ನ ಮೂರು ಪಿನ್ ಪ್ಲಗ್ಗಿಗೆ ಒಂದು ಬೂದು ಬಣ್ಣದ ಅಡಾಪ್ಟರ್ ಸಿಕ್ಕಿಸಿದ್ದಾರೆ, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಇನ್ನೊಂದು, ಕೈ ಸ್ವಲ್ಪ ಒದ್ದೆ ಇತ್ತು, ಹಿಂದಿನ ಸ್ಕ್ರೂ ತಾಗಿದಾಗ ಜುಮ್ ಅಂದಿತು.

ಉತ್ತರ 1

ಆ ಜುಮ್ ಅಂದದ್ದೇ ನಿಮ್ಮ ದಪ್ಪ ಸದ್ದಿನ ಕಾರಣ. ದಯವಿಟ್ಟು ಆ ಜೋಡಣೆಯಲ್ಲಿ ಇನ್ನು ನುಡಿಸಬೇಡಿ, ಅವರಿಗೂ ಹೇಳಿ.

ಅಮೆರಿಕದ ಮೂರು ಪಿನ್ ಪ್ಲಗ್ಗಿನ ಆ ಉರುಟು ಪಿನ್ ಅರ್ತ್. ಆಂಪ್‌ನ ಲೋಹದ ಚಾಸಿಸ್, ಜ್ಯಾಕ್, ನಿಮ್ಮ ಗಿಟಾರಿನ ತಂತಿ, ಎಲ್ಲಾ ಆ ಪಿನ್ನಿಗೆ ಸೇರಿವೆ. ಬೂದು ಅಡಾಪ್ಟರ್ ಅದನ್ನು ಅಲ್ಲೇ ಕತ್ತರಿಸುತ್ತೆ. ಈಗ ಅರ್ತ್‌ಗೆ ಹೋಗುವ ದಾರಿ ನೀವೇ. ಅದಕ್ಕೇ ತಂತಿ ಮುಟ್ಟಿದರೆ ಸದ್ದು ಇಳಿಯುತ್ತಿದೆ. (ಗಿಟಾರಿನಲ್ಲಿ ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ದನಿ ಹಿಡಿಯುವ ಒಂಟಿ ಸುರುಳಿ, ಇದ್ದರೆ ಅರ್ತ್ ಸರಿ ಇದ್ದರೂ ಸ್ವಲ್ಪ ಇಳಿಯುತ್ತೆ, ಆದರೆ ಸ್ಕ್ರೂ ಜುಮ್ ಅನ್ನುವುದಿಲ್ಲ.) ಒಳಗೆ ಏನಾದರೂ ಶಾರ್ಟ್ ಆಗಿ ಚಾಸಿಸ್ಸಿಗೆ ಕರೆಂಟು ಬಂದರೆ, ಒಂದು ಕೈಯಲ್ಲಿ ಗಿಟಾರ್, ತುಟಿ ಹತ್ತಿರ ಮೈಕ್ ಇದ್ದರೆ, ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೇಕಾಗಿರುವುದು ಮೂರು ತೂತಿನ ಔಟ್‌ಪುಟ್ ಇರುವ, ಅರ್ತ್ ಒಳಗಿನಿಂದ ಹೊರಗಿನವರೆಗೆ ಸೇರಿರುವ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲೇ, ಎಲ್ಲ ಪ್ಲಗ್ ತೆಗೆದು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಗೋಡೆ ಕಡೆಯ ದಪ್ಪ ಪಿನ್ನಿಗೂ ಸಾಕೆಟ್ಟಿನ ಉರುಟು ತೂತಿಗೂ ಹಿಡಿಯಿರಿ. ಬೀಪ್ ಬರಲೇಬೇಕು. ಬರದಿದ್ದರೆ ಅಂಗಡಿಯವರು ಏನೇ ಹೇಳಲಿ, ಬೇಡ. 300 ನಡೆಯುತ್ತೆ, ಆದರೆ 500 ವಿಎ ತಗೊಳ್ಳಿ, ತಣ್ಣಗೆ ಓಡುತ್ತೆ. ಅಂಗೈಯಲ್ಲಿ ಹಿಡಿಯುವ ಹಗುರದ ಕನ್ವರ್ಟರ್ ಬರುತ್ತಲ್ವಾ, ಹೇರ್ ಡ್ರೈಯರ್‌ಗೆ ಬಳಸುವಂಥದ್ದು, ಅದನ್ನು ಆಂಪ್ ಹತ್ತಿರವೂ ತರಬೇಡಿ.

120 ಕೊಡುವ ಬಾಕ್ಸಿಗಿಂತ 110 ಕೊಡುವುದು ಈ ಆಂಪ್‌ಗೆ ಒಳ್ಳೆಯದು. ಅದರ ಪವರ್ ಟ್ರಾನ್ಸ್‌ಫಾರ್ಮರ್ ಮಾಡಿರುವುದು 60 ಹರ್ಟ್ಜ್‌ಗೆ. 50 ಹರ್ಟ್ಜ್‌ನಲ್ಲಿ ಅದೇ ವೋಲ್ಟೇಜಿಗೆ ಕೋರ್ ಮೇಲೆ ಬೀಳುವ ಹೊರೆ 20 ಪರ್ಸೆಂಟ್ ಜಾಸ್ತಿ, ಹಾಗಾಗಿ ಬಿಸಿ ಜಾಸ್ತಿ. 110ಕ್ಕೆ ಇಳಿಸಿದರೆ ಆ ಹೆಚ್ಚುವರಿ ಅರ್ಧಕ್ಕೆ ಇಳಿಯುತ್ತೆ. ಮೇಲಾಗಿ ಬಾಕ್ಸ್ ಕೊಡುವುದು ಗೋಡೆಯ ವೋಲ್ಟೇಜಿನ ಒಂದು ಪಾಲು ಅಷ್ಟೆ. ರಾತ್ರಿ ಹೊತ್ತು ನಿಮ್ಮ ಮನೆಯಲ್ಲಿ 230 ಬದಲು 245 ಬಂದರೆ 110ರ ಬಾಕ್ಸ್ 117 ಕೊಡುತ್ತೆ, 120ರದ್ದು 128ರ ಹತ್ತಿರ ಹೋಗುತ್ತೆ.

ಈಗ ರಿವರ್ಬ್. ರಿವರ್ಬ್ ಹೋಗುವುದೂ ಚಾನೆಲ್ ತಾನಾಗೇ ಬದಲಾಗುವುದೂ ಎರಡು ರೋಗ ಅಲ್ಲ ಅಂತ ನನ್ನ ಲೆಕ್ಕ. ಇಂಥ ಎಷ್ಟೋ ಆಂಪ್‌ಗಳಲ್ಲಿ ರಿವರ್ಬ್ ಓಡಿಸುವುದು ಟ್ಯೂಬ್ ಅಲ್ಲ, ಚಿಕ್ಕ ಐಸಿ ಚಿಪ್. ಚಾನೆಲ್ ಬದಲಾಯಿಸುವುದು ರಿಲೇ, ಅಂದರೆ ಕರೆಂಟಿನಿಂದ ಓಡುವ ಸ್ವಿಚ್. ಎರಡಕ್ಕೂ ಕಡಿಮೆ ವೋಲ್ಟೇಜಿನ ಒಂದೇ ಸಪ್ಲೈ. ಆ ಸಪ್ಲೈಗೆ ವೋಲ್ಟೇಜ್ ಇಳಿಸಲು ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿರುತ್ತಾರೆ. ಅವು ಕೈ ಇಡಲಾಗದಷ್ಟು ಕಾಯುತ್ತವೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಕಾಲಿನ ಸುತ್ತ ಬೆಸುಗೆ ಉಂಗುರದ ಹಾಗೆ ಬಿರುಕು ಬಿಡುತ್ತೆ. ಮೆಕ್ಯಾನಿಕ್‌ಗಳು ಡ್ರೈ ಸೋಲ್ಡರ್ ಅನ್ನುತ್ತಾರಲ್ವಾ, ಅದೇ. ತಣ್ಣಗಿದ್ದಾಗ ತಾಗಿಕೊಂಡಿರುತ್ತೆ, ಇಪ್ಪತ್ತು ನಿಮಿಷ ಕಾದು ಹಿಗ್ಗಿದಾಗ ಬಿಟ್ಟುಕೊಳ್ಳುತ್ತೆ, ತಟ್ಟಿದರೆ ಮತ್ತೆ ತಾಗುತ್ತೆ. ಟ್ಯೂಬ್ ಬದಲಾಯಿಸಿದರೆ ಇದು ಸರಿಹೋಗಲ್ಲ.

ಮೂರನೇ ಫ್ರೆಟ್ಟಿನ ಸಣ್ಣ ಸದ್ದು ಫಿಲ್ಟರ್ ಕೆಪ್ಯಾಸಿಟರ್‌ದು ಇರಬಹುದು. ಹದಿನೈದು ವರ್ಷ ದಾಟಿದ್ದರೆ ಅವು ಹೇಗೂ ಬದಲಾಗಬೇಕು. ಅಂದರೆ ಈವರೆಗೆ ಕಂಡದ್ದೆಲ್ಲ ರಿಪೇರಿ ಆಗುವ ಕೆಲಸ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದು ಸರಿ ಇದೆಯಾ ಅಂತ ಮೆಕ್ಯಾನಿಕ್ ನೋಡಿ ಹೇಳಲಿ. ಸರಿ ಇದ್ದರೆ ಚೌಕಾಸಿ ಮಾಡಿ ತಗೊಳ್ಳಿ. ಹೋಗಿದ್ದರೆ 25,000ಕ್ಕೂ ಬೇಡ.

ಉತ್ತರ 2

ಮೇಲಿನವರ ಮಾತು ಪೂರ್ತಿ ಒಪ್ಪುತ್ತೇನೆ, ಒಂದು ಸೇರಿಸುತ್ತೇನೆ. ಗಿಟಾರ್ ಆಂಪ್ ರಿಪೇರಿಯವರು ಸಿಗದಿದ್ದರೆ ಹಳೆ ವಾಲ್ವ್ ರೇಡಿಯೋ ಮಾಡುವ ಹಿರಿಯರನ್ನು ಹುಡುಕಿ. ಬೆಂಗಳೂರು ಅಂದರೆ ಜಾಲಹಳ್ಳಿಯ ಬಿಇಎಲ್ ರೇಡಿಯೋ ವಾಲ್ವ್ ತಯಾರಿಸುತ್ತಿದ್ದ ಊರು. ಇಲ್ಲಿ ಟ್ಯೂಬ್ ಗೊತ್ತಿರುವ ಕೈಗಳು ಇನ್ನೂ ಇವೆ. ಅವರಿಗೆ 12ಎಎಕ್ಸ್7 ಅಂದರೆ ಥಟ್ಟನೆ ಹೊಳೆಯದೆ ಇರಬಹುದು, ಇಸಿಸಿ83 ಅನ್ನಿ. ಎರಡೂ ಒಂದೇ ಟ್ಯೂಬ್.

ಹೊಸ ಟ್ಯೂಬ್ ಬೇಕಾದರೂ ಚಿಂತೆ ಇಲ್ಲ, 6ಎಲ್6 ಇವತ್ತಿಗೂ ತಯಾರಾಗುತ್ತೆ. ಸ್ಲೊವಾಕಿಯಾದಲ್ಲಿ ಜೆಜೆ, ರಷ್ಯಾದ ಸರಾಟೋವ್‌ನ ಕಾರ್ಖಾನೆ, ಚೀನಾದವರು. 2022ರಲ್ಲಿ ರಷ್ಯಾದ ಮಾಲು ನಿಲ್ಲುತ್ತೆ ಅಂತ ಗಾಬರಿಯಾಗಿ ಬೆಲೆ ಏರಿತ್ತು. ತಗೊಳ್ಳುವುದಾದರೆ ಮ್ಯಾಚ್ ಮಾಡಿದ ಜೋಡಿಯನ್ನೇ ತಗೊಳ್ಳಿ, ಬಯಾಸ್, ಅಂದರೆ ನುಡಿಸದೆ ಇದ್ದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟು, ಅಳತೆ ಮಾಡಿಸಿಯೇ ಹಾಕಿಸಿ.

ಸ್ಪೀಕರ್ ನೋಡಿದಿರಾ? ಆಫ್ ಮಾಡಿ, ಕೋನಿನ ನಡುವಿನ ಗುಬಟಿನ ಎರಡೂ ಬದಿ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಮರಳು ಕಾಗದ ಉಜ್ಜಿದ ಹಾಗೆ ಕರಕರ ಅಂದರೆ ಕಾಯಿಲ್ ತಾಗುತ್ತಿದೆ.

ಕೇಳಿದವರು

ಹತ್ತು ದಿನ ತಡವಾಯಿತು, ಕ್ಷಮಿಸಿ. ಮಲ್ಲೇಶ್ವರದಲ್ಲಿ ವಾಲ್ವ್ ರೇಡಿಯೋ ಮಾಡುವ ಹಿರಿಯರೊಬ್ಬರು ಸಿಕ್ಕರು. ಮಾರುವವರೇ ಆಂಪ್ ತಂದರು, ಮೂವರೂ ಬೆಂಚಿನ ಸುತ್ತ ಕೂತೆವು.

ಮೊದಲು ಅವರು ಕೆಪ್ಯಾಸಿಟರ್‌ಗಳನ್ನು ಖಾಲಿ ಮಾಡಿದರು. ಆಮೇಲೆ ಬೋರ್ಡ್ ತಿರುಗಿಸಿ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಎರಡು ಬಿಳಿ ರೆಸಿಸ್ಟರ್, ಅವುಗಳ ಕೆಳಗೆ ಬೋರ್ಡ್ ಕಾಫಿ ಬಣ್ಣಕ್ಕೆ ತಿರುಗಿದೆ. ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಪೆನ್ಸಿಲ್ ತುದಿಯಲ್ಲಿ ಮುಟ್ಟಿದರೆ ಆ ಕಾಲು ಅಲುಗಾಡುತ್ತಿತ್ತು! ಅವರು ಹಳೆ ಬೆಸುಗೆ ಪೂರ್ತಿ ತೆಗೆದು, ರೆಸಿಸ್ಟರನ್ನು ಬೋರ್ಡಿನಿಂದ ಸ್ವಲ್ಪ ಮೇಲೆತ್ತಿ ಮತ್ತೆ ಹಾಕಿದರು, ಗಾಳಿ ಆಡಲಿ ಅಂತ. ಒಂದು ಫಿಲ್ಟರ್ ಕೆಪ್ಯಾಸಿಟರ್ ತಲೆ ಉಬ್ಬಿತ್ತು. ಎಲ್ಲವನ್ನೂ ಬದಲಾಯಿಸಿದರು.

ಟ್ಯೂಬ್ ಅಳೆದರು. ಪ್ಲೇಟಿನಲ್ಲಿ 415 ವೋಲ್ಟ್, ಒಂದರಲ್ಲಿ 31 ಮಿಲಿಆಂಪ್, ಇನ್ನೊಂದರಲ್ಲಿ 28. ಗುಣಿಸಿದರೆ 13 ವ್ಯಾಟ್ ಒಳಗೇ ಇದೆ. ಈ ಟ್ಯೂಬ್ 30 ವ್ಯಾಟ್ ತಡೆಯುತ್ತಂತೆ. "ಇವು ಇನ್ನೂ ದುಡಿಯುತ್ತವೆ, ಹೊಸದು ಯಾಕೆ?" ಅಂದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡೂ ಬದಿ ಸರಿ ಇದೆ. ಸ್ಪೀಕರ್ ಕರಕರ ಇಲ್ಲ.

ರಿಪೇರಿ 7,500 ಆಯಿತು. ಮಾರುವವರು ಕಣ್ಣಾರೆ ಕಂಡರಲ್ವಾ, ಚೌಕಾಸಿ ಮಾಡಬೇಕಾಗಿಯೇ ಬರಲಿಲ್ಲ. ಅವರಾಗೇ 42,000 ಅಂದರು. ತಗೊಂಡೆ. ಮೂರು ತೂತಿನ 500 ವಿಎ ಬಾಕ್ಸ್, 110 ವೋಲ್ಟಿನದು, ಅಂಗಡಿಯಲ್ಲೇ ಮೀಟರ್ ಹಿಡಿದು ಬೀಪ್ ಕೇಳಿ ತಂದೆ. ದಪ್ಪ ಸದ್ದು ಪೂರ್ತಿ ಹೋಗಿದೆ. ಜಿ ಸದ್ದು ಸ್ಪೀಕರ್ ಹತ್ತಿರ ಕಿವಿ ಇಟ್ಟರೆ ಮಾತ್ರ. ನಿನ್ನೆ ಎರಡು ಗಂಟೆ ನುಡಿಸಿದೆ, ರಿವರ್ಬ್ ಒಂದು ಸಲವೂ ಬಿಡಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಒಂದೇ ಸಂಶಯ. ನಮ್ಮದು ಹಳೆ ಮನೆ. ಗೋಡೆಯ ಸಾಕೆಟ್ಟಿನಲ್ಲೇ ಅರ್ತ್ ಇದೆಯಾ ಅಂತ ಹೇಗೆ ತಿಳಿಯುವುದು?

ಉತ್ತರ 1

ತುಂಬಾ ಖುಷಿಯಾಯಿತು. ಸರಿಯಾದ ಪ್ರಶ್ನೆಯನ್ನೇ ಕೇಳಿದಿರಿ. ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ವೈರ್ ಇದೆ ಅಂತ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಫೇಸ್‌ನಿಂದ ಅರ್ತ್‌ಗೆ ಅಳೆಸಿ, ಫೇಸ್‌ನಿಂದ ನ್ಯೂಟ್ರಲ್‌ಗೆ ಎಷ್ಟು ಬರುತ್ತೋ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್ ಅಷ್ಟೆ. ಆ ಅಳತೆ ಬಂದರೂ ಸುಮ್ನೆ ಬಿಡಬೇಡಿ, ಅರ್ತ್ ಗುಂಡಿಯವರೆಗೆ ವೈರ್ ಹೋಗಿದೆಯಾ ಅಂತ ಅವರಿಂದಲೇ ನೋಡಿಸಿ, ಮೀಟರ್ ಬೋರ್ಡಿಗೆ, ಕರೆಂಟು ಸೋರಿದರೆ ತಾನಾಗೇ ಕಟ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಅದು ಆಗುವವರೆಗೆ ಹಾಡುವ ಮೈಕ್ ಜೊತೆ ಈ ಆಂಪ್‌ನಲ್ಲಿ ನುಡಿಸಬೇಡಿ.