ಗೂಗಲ್, ಫೇಸ್‌ಬುಕ್ ಲಾಗಿನ್ ಸೇರಿಸಿದರೆ ಒಬ್ಬರಿಗೇ ಎರಡು ಖಾತೆ ಆಗುತ್ತಿದೆ: ಕಾಗ್ನಿಟೊದಲ್ಲಿ ಜೋಡಿಸುವುದು ಹೇಗೆ?

ಹೊಸಪುಟ (ಪ್ರಶ್ನೆ)

ಮುಂಬದಿ ರಿಯಾಕ್ಟ್, ಹಿಂಬದಿ ನೋಡ್, ಲಾಗಿನ್‌ಗೆ ಅಮೆಜಾನ್ ಕಾಗ್ನಿಟೊ ಯೂಸರ್ ಪೂಲ್ (ಬಳಕೆದಾರರ ಖಾತೆಗಳನ್ನು ಇಟ್ಟು ಲಾಗಿನ್ ನೋಡಿಕೊಳ್ಳುವ ಅಮೆಜಾನ್ ಸೇವೆ). ಇಮೇಲ್-ಪಾಸ್‌ವರ್ಡ್ ಬಳಕೆದಾರರು ಮೊದಲಿಂದಲೂ ಇದ್ದಾರೆ. ಈಗ ಗೂಗಲ್, ಫೇಸ್‌ಬುಕ್ ಎರಡನ್ನೂ ಸೇರಿಸುತ್ತಿದ್ದೇನೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ.

ಗೂಗಲ್ ಬಟನ್ ಒತ್ತಿದರೆ 'ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್', ಎರರ್ 400. ಗೂಗಲ್ ಕನ್ಸೋಲ್‌ನಲ್ಲಿ ನನ್ನ ಸೈಟಿನ ಕಾಲ್‌ಬ್ಯಾಕ್ ವಿಳಾಸ (ಲಾಗಿನ್ ಆದ ಮೇಲೆ ಬಳಕೆದಾರ ಮರಳಿ ಬರುವ ಪುಟ) ಹಾಕಿದ್ದೇನೆ. ಫೇಸ್‌ಬುಕ್ ನನಗೊಬ್ಬನಿಗೆ ಕೆಲಸ ಮಾಡುತ್ತದೆ, ಬೇರೆಯವರಿಗೆ ಇಲ್ಲ. ಮೂರನೆಯದೇ ದೊಡ್ಡದು: ಹಳೆಯ ಬಳಕೆದಾರರು ಅದೇ ಇಮೇಲ್‌ನ ಗೂಗಲ್ ಖಾತೆಯಿಂದ ಬಂದರೆ ಪೂಲ್‌ನಲ್ಲಿ ಹೊಸ ಬಳಕೆದಾರ ಹುಟ್ಟುತ್ತಾನೆ, ಹಳೆಯ ಆರ್ಡರ್‌ಗಳು ಕಾಣುವುದಿಲ್ಲ. ಡೇಟಾಬೇಸ್‌ನಲ್ಲಿ ಇಮೇಲ್ ನೋಡಿ ಹೊಂದಿಸಿಬಿಟ್ಟರೆ ಸಾಕೇ?

ಹಿಂಬದಿ (ಉತ್ತರ)

ಮೊದಲನೆಯದಕ್ಕೆ ಕಾರಣ: ಇಲ್ಲಿರುವುದು ಒಂದು ರೀಡೈರೆಕ್ಟ್ ಅಲ್ಲ, ಎರಡು. ಗೂಗಲ್ ಬಳಕೆದಾರನನ್ನು ಕಾಗ್ನಿಟೊಗೆ ಕಳಿಸುತ್ತದೆ, ಕಾಗ್ನಿಟೊ ನಿಮ್ಮ ಸೈಟಿಗೆ ಕಳಿಸುತ್ತದೆ. ಹಾಗಾಗಿ ಗೂಗಲ್ ಕನ್ಸೋಲ್‌ನಲ್ಲಿ ಇರಬೇಕಾದದ್ದು ಕಾಗ್ನಿಟೊ ಡೊಮೇನ್‌ನ ವಿಳಾಸ. ಅದರ ಕೊನೆ 'ಓಆತ್2', ಓರೆಗೆರೆ, 'ಐಡಿಪಿರೆಸ್ಪಾನ್ಸ್' ಎಂದಿರುತ್ತದೆ. ನಿಮ್ಮ ಸೈಟಿನ ಕಾಲ್‌ಬ್ಯಾಕ್ ಹಾಕಬೇಕಾದ ಜಾಗ ಕಾಗ್ನಿಟೊದ ಆಪ್ ಕ್ಲೈಂಟ್ (ಪೂಲ್‌ನೊಳಗೆ ನಿಮ್ಮ ಆಪ್‌ಗಾಗಿ ಇರುವ ಸೆಟ್ಟಿಂಗ್). ಕಸ್ಟಮ್ ಡೊಮೇನ್ ಇಟ್ಟಿದ್ದರೆ ಗೂಗಲ್‌ನಲ್ಲೂ ಅದನ್ನೇ ಹಾಕಿ.

ಹೋಲಿಕೆ ಅಕ್ಷರಕ್ಕೆ ಅಕ್ಷರ ನಡೆಯುತ್ತದೆ. ಕೊನೆಯಲ್ಲಿ ಒಂದು ಓರೆಗೆರೆ ಹೆಚ್ಚಿದ್ದರೂ, ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಇದ್ದರೂ ಬಾಗಿಲು ಮುಚ್ಚಿತು. ಊಹಿಸುತ್ತ ಕೂರಬೇಡಿ: ಎರರ್ ಪುಟದಲ್ಲಿ 'ಎರರ್ ಡೀಟೇಲ್ಸ್' ಒತ್ತಿದರೆ ನಿಜವಾಗಿ ಹೋದ ವಿಳಾಸ ಇಡಿಯಾಗಿ ಕಾಣುತ್ತದೆ, ಅದನ್ನೇ ಕಾಪಿ ಮಾಡಿ ಕನ್ಸೋಲ್‌ಗೆ ಹಾಕಿ. 'ಜಾವಾಸ್ಕ್ರಿಪ್ಟ್ ಒರಿಜಿನ್ಸ್' ಬಾಕ್ಸ್‌ನಲ್ಲಿ ಏನು ಹಾಕಿದರೂ ಈ ಎರರ್ ಹೋಗದು. ಬದಲಾವಣೆ ಜಾರಿಗೆ ಬರಲು 5 ನಿಮಿಷದಿಂದ ಕೆಲವು ಗಂಟೆ ಹಿಡಿಯಬಹುದು ಎಂದು ಗೂಗಲ್ ಕನ್ಸೋಲ್‌ನಲ್ಲೇ ಬರೆದಿದೆ. ಸರಿಪಡಿಸಿದ ಕೂಡಲೇ ಮತ್ತೆ ಬದಲಿಸುತ್ತ ಹೋದರೆ ಯಾವುದು ಸರಿಯಾಗಿತ್ತು ಎಂದು ಗೊತ್ತಾಗುವುದಿಲ್ಲ.

ಎರಡನೆಯದಕ್ಕೆ ಕಾರಣ: ನಿಮ್ಮ ಫೇಸ್‌ಬುಕ್ ಆಪ್ ಡೆವಲಪ್‌ಮೆಂಟ್ ಮೋಡ್‌ನಲ್ಲಿದೆ. ಆಗ ಆಪ್‌ನಲ್ಲಿ ರೋಲ್ ಇರುವವರಿಗೆ ಮಾತ್ರ ಲಾಗಿನ್. ಪ್ರೈವಸಿ ಪಾಲಿಸಿ ಪುಟದ ವಿಳಾಸ, ಡೇಟಾ ಅಳಿಸುವ ವಿವರ ಎರಡೂ ಕೊಟ್ಟು ಲೈವ್ ಮಾಡಿ. ಆಮೇಲೂ ಒಂದು ಕಾದಿದೆ: ಫೋನ್ ನಂಬರ್‌ನಿಂದ ಫೇಸ್‌ಬುಕ್ ಖಾತೆ ತೆರೆದವರಿಗೆ ಇಮೇಲ್ ಬರದೇ ಇರಬಹುದು. ನಿಮ್ಮ ಪೂಲ್‌ನಲ್ಲಿ ಇಮೇಲ್ ಕಡ್ಡಾಯವಾಗಿದ್ದರೆ ಅವರ ಲಾಗಿನ್ ಅಲ್ಲೇ ಬೀಳುತ್ತದೆ, ಮತ್ತು ಪೂಲ್ ಕಟ್ಟಿದ ಮೇಲೆ ಕಡ್ಡಾಯದ ಗುಣಗಳನ್ನು (ಆಟ್ರಿಬ್ಯೂಟ್) ಬದಲಿಸಲು ಬರುವುದಿಲ್ಲ. ಅಂಥ ಪೂಲ್ ಇದ್ದರೆ ಫೇಸ್‌ಬುಕ್ ಬಟನ್ ಹಾಕುವ ಮುಂಚೆಯೇ ಹೊಸ ಪೂಲ್ ಬೇಕೇ ಎಂದು ತೀರ್ಮಾನಿಸಿ.

ಟೋಕನ್‌ಕಾವಲು

ಮೂರನೆಯದಕ್ಕೆ ನಾನು ಹೇಳುತ್ತೇನೆ. ಬರಿಯ ಇಮೇಲ್ ನೋಡಿ ಹೊಂದಿಸಬೇಡಿ, ದಯವಿಟ್ಟು. ಹೀಗೆ ಯೋಚಿಸಿ: ಕೇಡು ಬಗೆಯುವವನೊಬ್ಬ ನಿಮ್ಮ ಸೈಟಿನಲ್ಲಿ ಬೇರೆಯವರ ಇಮೇಲ್ ಕೊಟ್ಟು, ತನ್ನ ಪಾಸ್‌ವರ್ಡ್ ಇಟ್ಟು, ದೃಢೀಕರಣ ಮುಗಿಸದೆ ಖಾತೆ ತೆರೆದಿಟ್ಟಿರುತ್ತಾನೆ. ತಿಂಗಳ ನಂತರ ಆ ಇಮೇಲ್‌ನ ನಿಜವಾದ ಒಡತಿ ಗೂಗಲ್‌ನಿಂದ ಬರುತ್ತಾಳೆ. ನಿಮ್ಮ ಕೋಡ್ ಅವಳನ್ನು ಆ ಖಾತೆಗೇ ಜೋಡಿಸಿತು ಅಂದರೆ ಅವಳ ಆರ್ಡರ್, ವಿಳಾಸ ಎಲ್ಲ ಅವನ ಪಾಸ್‌ವರ್ಡ್‌ಗೂ ತೆರೆದುಕೊಂಡಿತು. ಆದ್ದರಿಂದ ಎರಡೂ ಕಡೆ 'ಇಮೇಲ್ ವೆರಿಫೈಡ್' ನಿಜ ಎಂದಿದ್ದರೆ ಮಾತ್ರ ತಾನಾಗಿ ಜೋಡಿಸಬೇಕು. ಗೂಗಲ್ ಈ ಗುರುತನ್ನು ಕೊಡುತ್ತದೆ. ಫೇಸ್‌ಬುಕ್ ಕೊಡುವುದಿಲ್ಲ, ಅಲ್ಲಿಂದ ಬಂದವರಿಗೆ ಹಳೆಯ ಪಾಸ್‌ವರ್ಡ್ ಒಮ್ಮೆ ಕೇಳಿ ಜೋಡಿಸಿ.

ಜೋಡಿಸುವ ಜಾಗ ಪ್ರಿ ಸೈನ್-ಅಪ್ ಲ್ಯಾಂಬ್ಡಾ ಟ್ರಿಗರ್, ಅಂದರೆ ಹೊಸ ಖಾತೆ ಹುಟ್ಟುವ ಮುಂಚೆ ಕಾಗ್ನಿಟೊ ತಾನಾಗಿ ಓಡಿಸುವ ನಿಮ್ಮ ಕೋಡ್. ಟ್ರಿಗರ್ ಸೋರ್ಸ್ 'ಪ್ರಿಸೈನ್‌ಅಪ್ ಎಕ್ಸ್‌ಟರ್ನಲ್ ಪ್ರೊವೈಡರ್' ಆಗಿದ್ದಾಗ ಮಾತ್ರ ನಿಮ್ಮ ಕೋಡ್ ಓಡಲಿ. ಲಿಸ್ಟ್‌ಯೂಸರ್ಸ್‌ನಲ್ಲಿ ಇಮೇಲ್ ಹುಡುಕಿ, ಹಳೆಯ ಖಾತೆ ಸಿಕ್ಕಿದರೆ 'ಅಡ್ಮಿನ್ ಲಿಂಕ್ ಪ್ರೊವೈಡರ್ ಫಾರ್ ಯೂಸರ್' ಕರೆಯಿರಿ. ಡೆಸ್ಟಿನೇಶನ್ ಹಳೆಯ ಕಾಗ್ನಿಟೊ ಖಾತೆ, ಸೋರ್ಸ್ ಗೂಗಲ್. ಸೋರ್ಸ್‌ನ ಗುಣದ ಹೆಸರು 'ಕಾಗ್ನಿಟೊ ಸಬ್ಜೆಕ್ಟ್', ಬೆಲೆ ಗೂಗಲ್ ಕೊಟ್ಟ ಸಬ್ (ಬಳಕೆದಾರನ ಬದಲಾಗದ ಗುರುತು). ಟ್ರಿಗರ್‌ಗೆ ಬರುವ ಯೂಸರ್‌ನೇಮ್‌ನಲ್ಲಿ ಮೊದಲ ಅಂಡರ್‌ಸ್ಕೋರ್‌ನ ನಂತರ ಇರುವುದೇ ಆ ಸಬ್.

ಇಲ್ಲಿ ಎಡವುವ ಜಾಗಗಳಿವೆ. ಲ್ಯಾಂಬ್ಡಾ 5 ಸೆಕೆಂಡಿನೊಳಗೆ ಉತ್ತರಿಸಬೇಕು, ಅದಕ್ಕೇ ಟ್ರಿಗರ್‌ನೊಳಗೆ ಬೇರೆ ಎಪಿಐ ಕರೆಗಳನ್ನು ತುರುಕಬೇಡಿ. ಜೋಡಣೆ ಆದ ಆ ಮೊದಲ ಸಲ 'ಆಲ್‌ರೆಡಿ ಫೌಂಡ್ ಆನ್ ಎಂಟ್ರಿ ಫಾರ್ ಯೂಸರ್‌ನೇಮ್' ಎಂಬ ಎರರ್ ಕಾಲ್‌ಬ್ಯಾಕ್‌ಗೆ ಬರುತ್ತದೆ. ಗಾಬರಿ ಬೇಡ, ಜೋಡಣೆ ಆಗಿಯೇ ಇರುತ್ತದೆ. ಕಾಲ್‌ಬ್ಯಾಕ್ ಪುಟದಲ್ಲಿ ಆ ಸಾಲನ್ನು ಗುರುತಿಸಿ ಒಂದೇ ಒಂದು ಸಲ ಮತ್ತೆ ಲಾಗಿನ್‌ಗೆ ಕಳಿಸಿ, ಎರಡನೇ ಸಲಕ್ಕೆ ಒಳಗೆ ಬರುತ್ತಾರೆ. ಗುಣಗಳ ಮ್ಯಾಪಿಂಗ್‌ನಲ್ಲಿ ಇಮೇಲ್ ಜೊತೆಗೆ 'ಇಮೇಲ್ ವೆರಿಫೈಡ್' ಕೂಡ ಸೇರಿಸಿ. ಬಿಟ್ಟರೆ ಗೂಗಲ್ ಲಾಗಿನ್ ಆದ ಮೇಲೆ ಅದು ಸುಳ್ಳಾಗಿ ಕೂರುತ್ತದೆ, ಪಾಸ್‌ವರ್ಡ್ ಮರೆತವರಿಗೆ ಇಮೇಲ್‌ಗೆ ಕೋಡ್ ಹೋಗುವುದಿಲ್ಲ. ಒಂದು ಖಾತೆಗೆ ಹೊರಗಿನ 5 ಗುರುತುಗಳವರೆಗೆ ಜೋಡಿಸಬಹುದು.

ನಿಮ್ಮ ಡೇಟಾಬೇಸ್‌ನಲ್ಲಿ ಆರ್ಡರ್‌ಗಳ ಕೀಲಿ ಇಮೇಲ್ ಆಗಿದ್ದರೆ ಇಂದೇ ಬದಲಿಸಿ, ಕಾಗ್ನಿಟೊ ತಾನು ಕೊಡುವ ಸಬ್ ಇಡಿ. ಇಮೇಲ್ ಬದಲಾಗುತ್ತದೆ, ಸಬ್ ಬದಲಾಗುವುದಿಲ್ಲ.

ಎರಡನೇಸಾಲು

ಯಾರೂ ಹೇಳದ ಒಂದು: ರಿಯಾಕ್ಟ್ ಅಂದಮೇಲೆ ಆಪ್ ಕ್ಲೈಂಟ್‌ಗೆ ಸೀಕ್ರೆಟ್ ಬೇಡ, ಬ್ರೌಸರ್‌ಗೆ ಇಳಿದದ್ದು ಗುಟ್ಟಾಗಿ ಉಳಿಯುವುದಿಲ್ಲ. ಟೋಕನ್ (ಲಾಗಿನ್ ಆದದ್ದಕ್ಕೆ ಸಹಿ ಮಾಡಿದ ಪುರಾವೆ) ಅನ್ನು ವಿಳಾಸದಲ್ಲೇ ನೇರ ಕೊಡುವ ಇಂಪ್ಲಿಸಿಟ್ ಬಿಟ್ಟು ಆಥರೈಸೇಶನ್ ಕೋಡ್ ಜೊತೆ ಪಿಕೆಸಿಇ (ಕೋಡ್ ಕದ್ದವರಿಗೆ ಅದು ಉಪಯೋಗಕ್ಕೆ ಬಾರದಂತೆ ಮಾಡುವ ವಿಧಾನ) ಬಳಸಿ. ನೋಡ್ ಕಡೆ ಟೋಕನ್ ಅನ್ನು ಡಿಕೋಡ್ ಮಾಡಿ ನಂಬಿದರೆ ಸಾಲದು. ಪೂಲ್ ಪ್ರಕಟಿಸುವ ಸಾರ್ವಜನಿಕ ಕೀಲಿಗಳ ಪಟ್ಟಿಯಾದ ಜೆಡಬ್ಲ್ಯೂಕೆಎಸ್‌ನ ಕೀಲಿಯಿಂದ ಸಹಿ ಪರೀಕ್ಷಿಸಿ, ಕೊಟ್ಟವರು ನಿಮ್ಮದೇ ಪೂಲ್ ಹೌದೇ, ಅವಧಿ ಮುಗಿದಿಲ್ಲವೇ, ಐಡಿ ಟೋಕನ್ ಆದರೆ ಆಡಿಯನ್ಸ್‌ನಲ್ಲಿ (ಟೋಕನ್ ಯಾರಿಗಾಗಿ ಎಂಬ ಭಾಗ) ನಿಮ್ಮ ಕ್ಲೈಂಟ್ ಐಡಿ ಇದೆಯೇ, ಎಲ್ಲ ನೋಡಿ.

ಲಿಂಕನ್ನು ಬೇರೆ ಆಪ್‌ನೊಳಗಿನ ಬ್ರೌಸರ್‌ನಲ್ಲಿ ತೆರೆದವರಿಗೆ ಗೂಗಲ್ 403, 'ಡಿಸ್‌ಅಲೌಡ್ ಯೂಸರ್‌ಏಜೆಂಟ್' ತೋರಿಸಬಹುದು. ಅದು ನಿಮ್ಮ ಸೆಟ್ಟಿಂಗ್ ತಪ್ಪಲ್ಲ, ಇಂಥ ಆಪ್‌ನೊಳಗಿನ ಬ್ರೌಸರ್‌ನಲ್ಲಿ (ವೆಬ್‌ವ್ಯೂ) ಗೂಗಲ್ ಲಾಗಿನ್ ಬಿಡುವುದಿಲ್ಲ. ಫೋನಿನ ಬ್ರೌಸರ್‌ನಲ್ಲಿ ತೆರೆಯಿರಿ ಎಂದು ಆ ಪುಟದಲ್ಲೇ ಬರೆದುಬಿಡಿ.

ಹೊಸಪುಟ

ಗೂಗಲ್ ಈಗ ತೆರೆಯುತ್ತಿದೆ, ವಂದನೆಗಳು. ಈಗಾಗಲೇ ಎರಡೆರಡು ಖಾತೆ ಆಗಿಹೋದವರನ್ನು ಏನು ಮಾಡಲಿ?

ಟೋಕನ್‌ಕಾವಲು

ಒಮ್ಮೆ ಲಾಗಿನ್ ಆಗಿ ಪೂಲ್‌ನಲ್ಲಿ ಹುಟ್ಟಿದ ಗೂಗಲ್ ಖಾತೆಯನ್ನು ಹಾಗೆಯೇ ಜೋಡಿಸಲು ಬರುವುದಿಲ್ಲ, ಮೊದಲು ಅದನ್ನು ಅಳಿಸಬೇಕು. ಕ್ರಮ ಮುಖ್ಯ: ಎರಡೂ ಇಮೇಲ್ ದೃಢೀಕೃತವೇ ನೋಡಿ, ಎರಡೂ ಸಬ್‌ಗಳನ್ನು ಬರೆದಿಟ್ಟುಕೊಳ್ಳಿ, ಗೂಗಲ್ ಖಾತೆಯ ಸಬ್ ಮೇಲಿರುವ ದಾಖಲೆಗಳನ್ನು ಹಳೆಯ ಸಬ್‌ಗೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸಾಗಿಸಿ, ಆಮೇಲೆ ಖಾತೆ ಅಳಿಸಿ ಲಿಂಕ್ ಮಾಡಿ. ಮೊದಲೇ ಅಳಿಸಿದರೆ ಆ ಕಾಗ್ನಿಟೊ ಸಬ್ ಮತ್ತೆ ಸಿಗುವುದಿಲ್ಲ, ಅದರ ಹೆಸರಲ್ಲಿದ್ದ ಆರ್ಡರ್‌ಗಳು ಯಾರದೆಂದು ಹೇಳಲು ದಾರಿಯೇ ಇರುವುದಿಲ್ಲ.