9 ವಾರದ ಕೂಸು ಕುಡಿದಾಗೆಲ್ಲ ಹಾಲು ಕಾರತೈತಿ, ಆಸಿಡ್ ಔಷಧ ಬೇಕೇನ್ರಿ?

ಜಮಖಂಡಿ ತಾಯಿ:
ಗಂಡು ಕೂಸು, ದಿನ ತುಂಬಿ ಹುಟ್ಟಿದ್ದು, ಈಗ 9 ವಾರ. ಹುಟ್ಟಿದಾಗ 2.8 ಕೆ.ಜಿ. ಇದ್ದ. 6 ವಾರದ ಲಸಿಕಿ ದಿನ ಆಸ್ಪತ್ರ್ಯಾಗ 3.9, ನಿನ್ನೆ ಅಂಗನವಾಡ್ಯಾಗ 4.5. ಎದಿ ಹಾಲು ಕುಡಿತಾನ, ರಾತ್ರಿ ಅದರ ಮ್ಯಾಲ ಡಬ್ಬಿ ಹಾಲು 90 ಮಿ.ಲೀ. ಬಾಟಲಿಲೆ ಕೊಡತೀವಿ. ಪ್ರತಿ ಸಲ ಕುಡಿದ ಮ್ಯಾಲ ಬಾಯಿಂದ ಹಾಲು ಸುರೀತೈತಿ, ಒಮ್ಮೊಮ್ಮೆ ಒಡದ ಹಾಲು ಬರತೈತಿ, ಹುಳಿ ವಾಸನಿ. ಸಂಜಿ ಮುಂದ ಎರಡು ತಾಸು ಬೆನ್ನು ಹಿಂದಕ್ಕ ಮಣಿಸಿ ಅಳತಾನ. ಹಾಲು ಗಟ್ಟಿ ಮಾಡಿದ್ರ ಹೊಟ್ಟ್ಯಾಗ ನಿಲ್ಲತೈತಿ ಅಂತ ಯಾರೋ ಹೇಳಿದ್ದಕ್ಕ ಪುಡಿ ಒಂದು ಚಮಚಾ ಜಾಸ್ತಿ ಹಾಕಾಕತ್ತೀವಿ. ಮೆಡಿಕಲ್ ಅಂಗಡ್ಯಾಗ ವಾಂತಿ ನಿಲ್ಲಾಕ ಡೊಂಪೆರಿಡೋನ್ ಡ್ರಾಪ್ಸ್ ಕೊಟ್ಟಾರ, ಇನ್ನೂ ಹಾಕಿಲ್ಲ. ಅತ್ತಿಯವರು ಬಜಿ ತೇಯ್ದು ಗುಟ್ಟಿ ಹಾಕೂನು ಅಂತಾರ. ಇದು ಆಸಿಡ್ ರಿಫ್ಲಕ್ಸ್ ಏನ್ರಿ? ಬೇರಿಯಂ ದ್ರವ ಕುಡಿಸಿ ತೆಗಿಯೂ ಎಕ್ಸ್‌ರೇ ಮಾಡಿಸಬೇಕೇನು? ತಲಿ ಕೆಳಗ ದಿಂಬು ಇಡಬಹುದೇನು?

ಮಕ್ಕಳ ಡಾಕ್ಟರ್, ಬಾಗಲಕೋಟೆ:
ಪುಡಿ ಜಾಸ್ತಿ ಹಾಕೋದನ್ನ ಇವತ್ತೇ ನಿಲ್ಲಿಸ್ರಿ. ಉಳಿದದ್ದನ್ನ ನಿಧಾನಕ್ಕೆ ನೋಡಬಹುದು. ಪುಡಿ ಹೆಚ್ಚಾದರೆ ಹಾಲಿನಲ್ಲಿ ಉಪ್ಪಿನಂಶ, ಪ್ರೋಟೀನು ಹೆಚ್ಚಾಗಿ ಮೂತ್ರಪಿಂಡದ ಮೇಲೆ ಹೊರೆ ಬೀಳುತ್ತದೆ. ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಮಲ ಗಟ್ಟಿಯಾಗುತ್ತದೆ, ಬಾಯಾರಿ ಇನ್ನಷ್ಟು ಅಳುತ್ತದೆ. ಕಾರೋದು ಮಾತ್ರ ನಿಲ್ಲೋದಿಲ್ಲ.

ಈಗ ತೂಕ. 3 ವಾರದಲ್ಲಿ 600 ಗ್ರಾಂ, ಅಂದರೆ ದಿನಕ್ಕೆ 28 ಗ್ರಾಂ ಆಸುಪಾಸು. ಈ ವಯಸ್ಸಿಗೆ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಚೆನ್ನಾಗಿ ಬೆಳೀತಿದೆ ಅಂತಲೇ ಅರ್ಥ. ಆದರೆ ನೀವು ತೂಗಿಸಿದ್ದು ಎರಡು ಬೇರೆ ತಕ್ಕಡಿಯಲ್ಲಿ. ಮುಂದಿನ ವಾರ 10 ವಾರದ ಲಸಿಕೆಗೆ ಹೋದಾಗ ಮೊದಲಿನ ತಕ್ಕಡಿಯಲ್ಲೇ, ಅಂಗಿ, ಕುಲಾವಿ, ಲಂಗೋಟಿ ಎಲ್ಲ ಬಿಚ್ಚಿ ತೂಗಿಸಿ ತಾಯಿ ಕಾರ್ಡಿನಲ್ಲಿ ಬರೆಸ್ರಿ. 4.5 ಅಥವಾ ಅದಕ್ಕಿಂತ ಮೇಲೆ ಬಂದರೆ, ದಿನಕ್ಕೆ 6 ಸಲವಾದರೂ ಚೆನ್ನಾಗಿ ಮೂತ್ರ ಹೋಗುತ್ತಿದ್ದರೆ, ಕಾರಿದ್ದು ಬಿಳಿ ಹಾಲೇ ಆಗಿದ್ದರೆ, ಇದು ರೋಗವಲ್ಲ.

ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಇರುವ ಸ್ನಾಯುವಿನ ಬಿಗಿ ಆಗಾಗ ತಾನೇ ಸಡಿಲಾಗುತ್ತದೆ. ಎಳೆ ಮಗುವಿನ ಅನ್ನನಾಳ ಗಿಡ್ಡ, ಆಹಾರವೆಲ್ಲ ದ್ರವ, ದಿನದ ಬಹುಪಾಲು ಮಲಗಿಯೇ ಇರುತ್ತದೆ. ಹಾಗಾಗಿ ಹಾಲು ಮೇಲೆ ಬರುತ್ತದೆ, ರಿಫ್ಲಕ್ಸ್ ಅಂದರೆ ಇದೇ. ಸಾಮಾನ್ಯವಾಗಿ 8 ವಾರದೊಳಗೆ ಶುರುವಾಗಿ, 4 ತಿಂಗಳ ಹೊತ್ತಿಗೆ ಹೆಚ್ಚಾಗಿ, ಮಗು ಕೂಡೋಕೆ ಕಲಿತ ಮೇಲೆ ಇಳಿಯುತ್ತದೆ. ವರ್ಷ ತುಂಬೋದರೊಳಗೆ 100ರಲ್ಲಿ 90 ಮಕ್ಕಳಿಗೆ ತಾನೇ ನಿಲ್ಲುತ್ತದೆ. ಅಂದರೆ ನಿಮ್ಮ ಮಗನಿಗೆ ಮುಂದಿನ ತಿಂಗಳು ಇನ್ನೂ ಸ್ವಲ್ಪ ಹೆಚ್ಚಾಗಬಹುದು, ಆಗ ಗಾಬರಿಯಾಗಬೇಡ್ರಿ. ಹಾಲು ಒಡೆದು ಬರೋದು, ಹುಳಿ ವಾಸನೆ, ಇವೆರಡೂ ಅದು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಇತ್ತು ಅನ್ನೋದನ್ನಷ್ಟೇ ಹೇಳುತ್ತವೆ.

ಎಷ್ಟು ಕಾರಿದ ಅನ್ನೋದು ಕಣ್ಣಿಗೆ ಮೋಸ ಮಾಡುತ್ತದೆ. ಒಂದು ಬಟ್ಟೆಯ ಮೇಲೆ 5 ಮಿ.ಲೀ., ಪಕ್ಕದಲ್ಲೇ 10 ಮಿ.ಲೀ. ಹಾಲು ಸುರಿದು ಕಲೆ ಎಷ್ಟಗಲ ಹರಡುತ್ತದೆ ನೋಡ್ರಿ. ಕುಡಿದದ್ದೆಲ್ಲ ಹೋಯಿತು ಅಂತ ತಾಯಂದಿರು ಹೇಳುವ ಎಷ್ಟೋ ಕಲೆಗಳು ಈ ಅಳತೆಯವೇ.

ತಡಮಾಡಬಾರದ ಲಕ್ಷಣಗಳು ಬೇರೆ ಇವೆ. ವಾಂತಿ ಹಸಿರು ಬಣ್ಣಕ್ಕೆ ಬಂದರೆ ಅದು ಪಿತ್ತ. ಕರುಳು ತಿರುಚಿಕೊಂಡಿರಬಹುದು, ರಕ್ತ ಸಂಚಾರ ನಿಂತು ಕೆಲವೇ ತಾಸಿನಲ್ಲಿ ಕರುಳು ಸಾಯುತ್ತದೆ. ಬೆಳಗಾಗಲಿ ಅಂತ ಕಾಯದೆ, ಮಕ್ಕಳ ಶಸ್ತ್ರಚಿಕಿತ್ಸಕರು ಇರುವ ದೊಡ್ಡ ಆಸ್ಪತ್ರೆಗೆ ಹೊರಡ್ರಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡ್ರಿ. ಇನ್ನೊಂದು, ಪ್ರತಿ ಸಲ ಕುಡಿದ ಮೇಲೆ ಹಾಲು ದೂರಕ್ಕೆ ಚಿಮ್ಮಿ, ತಕ್ಷಣ ಮತ್ತೆ ಹಸಿವೆಯಿಂದ ಬಾಯಿ ಹಾಕುವ ಮಗು. ಹೊಟ್ಟೆಯ ಕೆಳಬಾಯಿಯ ಸ್ನಾಯು ದಪ್ಪವಾದರೆ ಹೀಗಾಗುತ್ತದೆ, ಗಂಡು ಮಕ್ಕಳಲ್ಲಿ ಹೆಚ್ಚು, 3ರಿಂದ 6 ವಾರದ ಸುಮಾರಿಗೆ ಶುರುವಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಆ ಸ್ನಾಯುವಿನ ದಪ್ಪ 3 ಮಿ.ಮೀ. ದಾಟಿದ್ದು ಕಾಣುತ್ತದೆ. ಮೊದಲು ಸಲೈನ್ ಹಚ್ಚಿ ರಕ್ತದ ಲವಣಾಂಶ ಸರಿಮಾಡಿ, ಆಮೇಲೆ ಸಣ್ಣ ಆಪರೇಷನ್. ಜ್ವರ, ಮಂಕು, ಹೊಟ್ಟೆ ಉಬ್ಬರ, ನೆತ್ತಿ ಉಬ್ಬುವುದು, ವಾಂತಿಯಲ್ಲಿ ರಕ್ತ, ತೂಕ ನಿಂತುಹೋಗುವುದು, 6 ತಿಂಗಳಾದ ಮೇಲೆ ಹೊಸದಾಗಿ ಶುರುವಾಗುವ ವಾಂತಿ, ಇವಕ್ಕೂ ತೋರಿಸಲೇಬೇಕು. ಎಳೆಕೂಸಿನ ಮೂತ್ರದ ಸೋಂಕು ಬರೀ ವಾಂತಿಯಾಗಿ ಕಾಣಿಸೋದುಂಟು.

ಬೇರಿಯಂ ಬೇಡ. ಆರೋಗ್ಯವಾಗಿರುವ ಮಗುವಿಗೂ ಅದರಲ್ಲಿ ಹಾಲು ಮೇಲೆ ಬರೋದು ಕಾಣುತ್ತದೆ, ಏನೂ ತೀರ್ಮಾನವಾಗೋದಿಲ್ಲ. ಕರುಳಿನ ರಚನೆಯಲ್ಲೇ ದೋಷದ ಅನುಮಾನ ಇದ್ದಾಗ ಮಾತ್ರ ಅದರ ಉಪಯೋಗ. ದಿಂಬೂ ಬೇಡ, ತೊಟ್ಟಿಲ ಒಂದು ಬದಿ ಎತ್ತರ ಮಾಡೋದೂ ಬೇಡ. ಮಗು ಜಾರಿ ಗದ್ದ ಎದೆಗೆ ತಾಗಿ ಉಸಿರುಕಟ್ಟುವ ಅಪಾಯ ಇದೆ. ಸೀರೆಯ ಜೋಳಿಗೆಯಲ್ಲೂ ಅದೇ ತೊಂದರೆ, ಮೇಲಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ. ಗಟ್ಟಿ ಹಾಸಿಗೆ, ಸಮತಟ್ಟು, ಅಂಗಾತ. ಕಾರಿದರೆ ಉಸಿರುನಾಳಕ್ಕೆ ಹೋಗುತ್ತದೆ ಅಂತ ಹೆದರಬೇಡ್ರಿ. ಅಂಗಾತ ಮಲಗಿದಾಗ ಉಸಿರುನಾಳ ಅನ್ನನಾಳಕ್ಕಿಂತ ಮೇಲೆ ಇರುತ್ತದೆ.

ಹಾಲುಣಿಸುವ ಸಲಹೆಗಾರ್ತಿ, ವಿಜಯಪುರ:
ತಂಗಿ, ಎದಿಹಾಲು ಕುಡಿದು ಹೊಟ್ಟಿ ತುಂಬಿದ ಕೂಸಿಗೆ ಮ್ಯಾಲ 90 ಮಿ.ಲೀ. ಹಾಕಿದ್ರ ಅದು ಹೊರಗ ಬರೂದೇ. ಈ ತೂಕಕ್ಕ ಬರೀ ಡಬ್ಬಿ ಹಾಲು ಕುಡಿಯೂ ಕೂಸಿಗೂ ದಿನಕ್ಕ ಕೆ.ಜಿ.ಗೆ 150 ಮಿ.ಲೀ., ಅಂದ್ರ 675 ಮಿ.ಲೀ. ಸಾಕು. ಎಂಟು ಸಲಕ್ಕ ಹಂಚಿದ್ರ ಒಂದು ಸಲಕ್ಕ 85. ನಿಮ್ಮದು ಎದಿಹಾಲಿನ ಮ್ಯಾಲ ಹೆಚ್ಚುವರಿ. ಡಾಕ್ಟರ್ ಹೇಳಿದಂಗ ತೂಕ ಸರಿ ಬಂದ್ರ 90ರಿಂದ 60, ಮೂರ್ನಾಕು ದಿನ ಬಿಟ್ಟು 30, ಆಮ್ಯಾಲ ಬಂದ್. ಒಂದು ವಾರ ಬಿಟ್ಟು ಮತ್ತ ತೂಗಿಸ್ರಿ.

ಅಲ್ಲಿ ಮಟ ಡಬ್ಬಿ ಮ್ಯಾಲಿನ ಅಳತಿ ಬಿಟ್ಟು ಹೋಗಬ್ಯಾಡ್ರಿ. ಬಹಳ ಕಂಪನಿದು 30 ಮಿ.ಲೀ. ನೀರಿಗೆ ಅದೇ ಡಬ್ಬಿ ಒಳಗಿನ ಒಂದು ಚಮಚಾ, ಚಾಕುವಿಲೆ ಮಟ್ಟ ಮಾಡಿದ್ದು, ಒತ್ತಿ ತುಂಬಿದ್ದಲ್ಲ. ಮೊದಲು ಕುದಿಸಿದ ನೀರು, ಆಮ್ಯಾಲ ಪುಡಿ. ಉಳಿದದ್ದು ಚೆಲ್ಲ್ರಿ. ಬಾಟಲಿಕಿಂತ ಬಟ್ಟಲು, ಚಮಚಾ ಚಲೋ.

ಕುಡಿಸೂ ಮುಂದ ಕೂಸಿನ ಹೊಟ್ಟಿ ನಿಮ್ಮ ಹೊಟ್ಟಿಗೆ ತಾಗಿರಬೇಕು, ಬಾಯಾಗ ಬರೀ ತೊಟ್ಟಲ್ಲ, ಸುತ್ತಲಿನ ಕರಿ ಭಾಗ ಬಹಳಷ್ಟು ಹೋಗಿರಬೇಕು. ಚಟ್ ಚಟ್ ಸಪ್ಪಳ ಬಂದ್ರ ಗಾಳಿ ನುಂಗಾಕತ್ತೈತಿ ಅಂತ, ಬಿಡಿಸಿ ಮತ್ತ ಹಚ್ಚ್ರಿ. ಶುರುವಿಗೇ ಕೆಮ್ಮಿ, ಗುಟುಕಿಸಿ ಎದಿ ಬಿಡತಾನಂದ್ರ ಹಾಲಿನ ರಭಸ ಜಾಸ್ತಿ. ನೀವು ಹಿಂದಕ್ಕ ಒರಗಿ ಕೂತು, ಕೂಸನ್ನ ಎದಿ ಮ್ಯಾಲ ಹಾಕ್ಕೊಂಡು ಕುಡಿಸ್ರಿ. ನಡುವ ಒಮ್ಮೆ, ಕಡೀಕ ಒಮ್ಮೆ ತೇಗು ಬರಿಸ್ರಿ, ಆಮ್ಯಾಲ 20ರಿಂದ 30 ನಿಮಿಷ ಭುಜದ ಮ್ಯಾಲ ನೆಟ್ಟಗ ಹಿಡೀರಿ. ತೊಡಿ ಮ್ಯಾಲ ಕೂಡ್ರಿಸಿದ್ರ ಕೂಸು ಕುಸಿದು ಹೊಟ್ಟಿ ಒತ್ತತೈತಿ, ಇನ್ನೂ ಕಾರತೈತಿ. ಉಡದಾರದ ಒಳಗ ಎರಡು ಬೆರಳು ಸಲೀಸ ಹೋಗತಾವೇನು ನೋಡ್ರಿ. ಎಣ್ಣಿ ತಿಕ್ಕಿ ಎರಿಯೂದು ಹಾಲಿಗಿಂತ ಮೊದಲು ಆಗಲಿ.

ಗುಟ್ಟಿ ಬ್ಯಾಡ. 6 ತಿಂಗಳ ಮಟ ನೀರೂ ಬ್ಯಾಡ, ಬಜಿ, ಗ್ರೈಪ್ ವಾಟರ್ ಯಾವುದೂ ಬ್ಯಾಡ. ಸಾಣಿಕಲ್ಲಿನ ಮ್ಯಾಲಿನ ರೋಗಾಣು ನೆಟ್ಟಗ ಹೊಟ್ಟಿಗೆ ಹೋಗತಾವ. ಜೇನಂತೂ ವರ್ಷ ತುಂಬೂ ಮಟ ಮುಟ್ಟಿಸಬ್ಯಾಡ್ರಿ. ಅತ್ತಿಯವರ ಜೋಡಿ ಜಗಳ ಬ್ಯಾಡ, ಕೂಸನ್ನ ಭುಜದ ಮ್ಯಾಲ ಹಿಡಿಯೂ ಕೆಲಸ ಅವರಿಗೇ ಕೊಡ್ರಿ.

ಫಾರ್ಮಸಿಸ್ಟ್, ಬೆಳಗಾವಿ:
ಆ ಡ್ರಾಪ್ಸ್ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಡೊಂಪೆರಿಡೋನ್ ಹೃದಯದ ಬಡಿತದ ಲಯ ಕೆಡಿಸಬಹುದು, ಬಾಯಿಯ ಬಿಳಿ ಅಗ್ರಕ್ಕೆ ಕೊಡುವ ಫ್ಲುಕೋನಝೋಲ್ ಜೊತೆಗಂತೂ ಅಪಾಯ ಹೆಚ್ಚು. ಇದರ ಡ್ರಾಪ್ಸ್ 1 ಮಿ.ಲೀ.ಗೆ 10 ಮಿ.ಗ್ರಾಂ ಇರುತ್ತದೆ, ಸಿರಪ್ 1 ಮಿ.ಲೀ.ಗೆ 1 ಮಿ.ಗ್ರಾಂ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಹತ್ತು ಪಟ್ಟು. ಸಂಜೆಯ ಅಳುವಿಗೆ ಮಾರುವ ಹೊಟ್ಟೆನೋವಿನ ಹನಿಗಳ ಚೀಟಿಯಲ್ಲಿ ಡೈಸೈಕ್ಲೋಮಿನ್ ಅಂತ ಇದ್ದರೆ ವಾಪಸ್ ಕೊಡಿ. 6 ತಿಂಗಳೊಳಗಿನ ಮಗುವಿಗೆ ಅದು ಉಸಿರಾಟ ನಿಲ್ಲಿಸಬಹುದು. ಆಸಿಡ್ ಕಡಿಮೆ ಮಾಡುವ ರಾನಿಟಿಡಿನ್ ಔಷಧದಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು.

ಒಮೆಪ್ರಝೋಲ್ ಜಾತಿಯವು ಆಸಿಡ್ ಕಡಿಮೆ ಮಾಡುತ್ತವೆ, ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ. ಕುಡಿದ ಕೂಡಲೇ ಬರುವ ಹಾಲಿನಲ್ಲಿ ಆಸಿಡ್ ಹೆಚ್ಚು ಇರುವುದೂ ಇಲ್ಲ. ಅನ್ನನಾಳದಲ್ಲಿ ಹುಣ್ಣು ಖಚಿತವಾದಾಗ ಡಾಕ್ಟರ್ 4ರಿಂದ 8 ವಾರ ಬರೆಯುತ್ತಾರೆ, ಅದು ಬೇರೆ ಮಾತು. ಸುಮ್ಮನೆ ಕೊಟ್ಟರೆ ಭೇದಿ, ನ್ಯುಮೋನಿಯಾದ ಸಾಧ್ಯತೆ ಹೆಚ್ಚುತ್ತದೆ.

ಜಮಖಂಡಿ ತಾಯಿ:
ಎಲ್ಲಾರಿಗೂ ಧನ್ಯವಾದ ರೀ. ಒಂದು ಹೇಳೂದು ಬಿಟ್ಟಿದ್ದೆ. ಈ ವಾರ ಎರಡು ಸಲ ಕಕ್ಕಸದಾಗ ಲೋಳಿ, ಸಣ್ಣ ರಕ್ತದ ಎಳಿ ಕಂಡೈತಿ. ಗಲ್ಲದ ಮ್ಯಾಲ ಒಣ ಕೆಂಪು ಕಲಿನೂ ಐತಿ.

ಮಕ್ಕಳ ಡಾಕ್ಟರ್, ಬಾಗಲಕೋಟೆ:
ಇದು ಮುಖ್ಯ ಮಾತು. ಈ ವಾರವೇ ಮಗುವನ್ನ ಡಾಕ್ಟರಿಗೆ ತೋರಿಸ್ರಿ. ರಕ್ತ ಕಂಡ ಲಂಗೋಟಿಯ ಫೋಟೋ ಇಟ್ಟುಕೊಂಡಿರ್ರಿ. ಗುದದ್ವಾರ ಸೀಳಿದೆಯೇ ಅಂತ ಮೊದಲು ನೋಡುತ್ತಾರೆ, ಪುಡಿ ಹೆಚ್ಚಾಗಿ ಮಲ ಗಟ್ಟಿಯಾದರೂ ರಕ್ತದ ಎಳೆ ಬರಬಹುದು. ಅದಿಲ್ಲದಿದ್ದರೆ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಡಬ್ಬಿ ಹಾಲು ಆಗಿರೋದು ಹಸುವಿನ ಹಾಲಿನಿಂದಲೇ, ಎದೆಹಾಲಿಗೂ ಆ ಪ್ರೋಟೀನು ತಾಯಿಯ ಊಟದಿಂದ ಬರುತ್ತದೆ. ಕಾರೋದು, ಅಳೋದು ಎಲ್ಲ ಥೇಟ್ ರಿಫ್ಲಕ್ಸ್‌ನಂತೆಯೇ ಕಾಣುತ್ತದೆ.

ಪರೀಕ್ಷೆ ಅಂದರೆ ಪಥ್ಯವೇ. ಡಾಕ್ಟರ್ ಒಪ್ಪಿದರೆ ಡಬ್ಬಿ ಹಾಲು ನಿಲ್ಲಿಸಿ, ನೀವು 2ರಿಂದ 4 ವಾರ ಹಾಲು, ಚಹಾದ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಪೇಡೆ, ಕುಂದಾ ಎಲ್ಲ ಬಿಡಬೇಕು. ನೋಡೋಕೆ ಬಂದವರು ತರುವ ಕರದಂಟಿನಲ್ಲಿ ತುಪ್ಪ ಇರುತ್ತದೆ, ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇರುತ್ತದೆ. ಎಮ್ಮೆ, ಆಡಿನ ಹಾಲಿಗೆ ಬದಲಾಯಿಸಿದರೆ ಉಪಯೋಗವಿಲ್ಲ, ಪ್ರೋಟೀನು ಹೆಚ್ಚುಕಡಿಮೆ ಒಂದೇ. ರೊಟ್ಟಿ, ಬ್ಯಾಳಿ, ಕಾಳು, ಪಲ್ಯ, ಶೇಂಗಾ, ಎಳ್ಳು ಧಾರಾಳವಾಗಿ ತಿನ್ರಿ, ಡಾಕ್ಟರ್ ಬರೆದ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡ್ರಿ.

ಕಡಿಮೆಯಾದ ಮೇಲೆ ಹಾಲಿನ ಪದಾರ್ಥ ಮತ್ತೆ ಶುರುಮಾಡಿ ನೋಡಲೇಬೇಕು. ಒಂದು ವಾರದಲ್ಲಿ ರಕ್ತ, ಅಳು ಮರಳಿದರೆ ಅಲರ್ಜಿ ಖಚಿತ. ಮರಳದಿದ್ದರೆ ವಯಸ್ಸಿನ ಜೊತೆ ತಾನೇ ಇಳಿದದ್ದು, ಆಗ ನೀವು ಹಾಲು ಮೊಸರು ಬಿಟ್ಟು ಇರೋ ಅಗತ್ಯವೇ ಇಲ್ಲ.