ಅಪ್‌ಡೇಟ್: ಶರತ್ಕಾಲದ ಜಪಾನಿ ಹಾಡುಗಳನ್ನು ಕೇಳಿದೆ

ಶರತ್ಕಾಲದ ಮೂಡ್ ಇರುವ ಜಪಾನಿ ಪಾಪ್ ಹಾಡು ಹೇಳಿ ಅಂತ ಕೇಳಿದ್ದೆನಲ್ಲ, ನೀವು ಹೇಳಿದ್ದನ್ನೆಲ್ಲ ಕೇಳಿದೆ. ತುಂಬಾ ಥ್ಯಾಂಕ್ಸ್.

ಎಲ್ಲಕ್ಕಿಂತ ಹಿಡಿಸಿದ್ದು ಯಮಗುಚಿ ಮೊಮೊಎ ಹಾಡಿದ ‘ಕಾಸ್ಮೋಸ್’. 1977ರದ್ದು, ಬರೆದು ರಾಗ ಹಾಕಿದವರು ಸಾದಾ ಮಸಾಶಿ. ಅಂಗಳದ ಬಿಸಿಲಲ್ಲಿ ತಿಳಿಗೆಂಪು ಕಾಸ್ಮೋಸ್ ಹೂ. ಈಚೆಗೆ ಬೇಗ ಕಣ್ಣು ತುಂಬಿಕೊಳ್ಳುವ ಅಮ್ಮ ಒಮ್ಮೆ ಕೆಮ್ಮುತ್ತಾಳೆ. ಆಲ್ಬಮ್ ತೆಗೆದು ಮಗಳ ಬಾಲ್ಯದ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾಳೆ. ನಾಳೆ ಮಗಳ ಮದುವೆ. ಇಷ್ಟೇ ಕಥೆ, ಆದರೆ ಗಂಟಲು ಕಟ್ಟುತ್ತದೆ. ಹಾಡಿದಾಗ ಮೊಮೊಎಗೆ ಬರೀ 18 ವರ್ಷ! ಆ ದನಿಯಲ್ಲಿ ಅಷ್ಟು ತಾಳ್ಮೆ ಎಲ್ಲಿಂದ ಬಂತೋ.

ತಕೆಉಚಿ ಮರಿಯಾ ಅವರ ‘ಸೆಪ್ಟೆಂಬರ್’ (1979) ಬೇರೆ ಥರ. ತಾಳ ಚುರುಕು, ಕಥೆ ಮಾತ್ರ ಪ್ರೀತಿ ಮುರಿದದ್ದು. ಹಾಡಿನ ಹುಡುಗಿ, ಹುಡುಗನಿಂದ ತಂದ ಡಿಕ್ಷನರಿಯಲ್ಲಿ ‘ಲವ್’ ಅನ್ನೋ ಪದವನ್ನಷ್ಟೇ ಕತ್ತರಿಸಿ ವಾಪಸ್ ಕೊಡುತ್ತೇನೆ ಅನ್ನುತ್ತಾಳೆ. ಎಂಥಾ ಸಾಲು ಅಲ್ವಾ! ಬೇಸಿಗೆ ಮುಗಿಯುತ್ತಿದ್ದಂತೆ ಕೇಳೋಕೆ ಇದೇ ಸರಿ.

ಸ್ಪಿಟ್ಜ್ ಬ್ಯಾಂಡಿನ ‘ಕಾಎದೆ’ (1998) ಕೂಡ ಚೆನ್ನಾಗಿದೆ. ಹೆಸರು ಮೇಪಲ್ ಮರದ್ದು, ಹಾಡು ಅಗಲಿಕೆಯದ್ದು.

70ರ ದಶಕದವು ಇನ್ನೂ ಗೊತ್ತಿದ್ದರೆ ದಯವಿಟ್ಟು ಹೇಳಿ.